ಹೇನು ಎಂದು ಬರೆದವಳು

ನನ್ನ ಅಕ್ಷರ ದುಂಡಗಿದೆ. ಜಂಬಕ್ಕೆ ಹೇಳುತ್ತಿಲ್ಲ, ವಿಶೇಷ ಮಕ್ಕಳ ಶಾಲೆಯಲ್ಲಿ ಕಲಿಸಿ ನಿವೃತ್ತಳಾದ ಮೇಲೆ ನನ್ನನ್ನು ತಪಾಸಣೆಯ ತಂಡಕ್ಕೆ ಸೇರಿಸಿಕೊಂಡದ್ದೇ ಅದಕ್ಕಾಗಿ. ಬೆಳಗಾವಿ ಊರಲ್ಲೂ ಖಾನಾಪುರ ತಾಲೂಕಿನಲ್ಲೂ ಇರುವ, ಬುದ್ಧಿ ಬೆಳೆಯದವರ, ಆಟಿಸಂ ಇರುವವರ ವಸತಿಗೃಹಗಳಿಗೆ ನಾವು ಮೂವರು ಹೋಗುತ್ತಿದ್ದೆವು. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡುವರು, ಅಧಿಕಾರಿಗಳು ರಜಿಸ್ಟರ್ ತಿರುವುವರು, ನಾನು ಬರೆಯುವವಳು. ಎಂಟು ಪುಟದ ನಮೂನೆ. ನೀರು, ಪಾಯಖಾನೆ, ಅಡುಗೆಮನೆ, ಹಾಸಿಗೆ, ಉಗುರು, ತಲೆ. ಒಂದು ಖಾನೆಯನ್ನೂ ನಾನು ಖಾಲಿ ಬಿಟ್ಟವಳಲ್ಲ.

ಲೋಂಡಾ ಹತ್ತಿರದ ಆ ಮನೆಯನ್ನು ಮೊದಲು ನೋಡಿದ ದಿನ ನನಗೆ ಬಂದ ಸಿಟ್ಟು ಈಗಲೂ ನೆನಪಿದೆ. ಹದಿನೆಂಟು ಜನಕ್ಕೆ ಒಬ್ಬಳೇ ಅಡುಗೆಯವಳು, ಅವಳೇ ಆಯಾ. ಪಾಯಖಾನೆಗೆ ಬಾಗಿಲಿಲ್ಲ. ಹಾಸಿಗೆ ಹಿಂಡಿದರೆ ಉಚ್ಚೆ. ಪಡಸಾಲೆಯಲ್ಲಿ ಕೂತಿದ್ದ ಒಬ್ಬಳ ಕೂದಲು ಬಿಡಿಸಿ ನೋಡಿದೆ, ಹೇನು ಹರಿದಾಡುತ್ತಿದ್ದವು. "ತಲೆಯಲ್ಲಿ ಹೇನು" ಎಂದು ಬರೆದು ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದೆ.

ಕೂದಲು ಬಿಡಿಸಿದ್ದು ತಪ್ಪಾಯಿತು. ಅವಳ ಹಿಂದೆ ಕೂತಿದ್ದ ಇನ್ನೊಬ್ಬಳು ನನ್ನ ಕೈಯನ್ನು ತಟ್ಟಿ ಸರಿಸಿದಳು. ನನ್ನ ಮುಖವನ್ನೇನೂ ನೋಡಲಿಲ್ಲ. ಸೊಂಟದಿಂದ ಹಣಿಗೆ ತೆಗೆದು, ನಾನು ಕೆಡಿಸಿದ ಕೂದಲನ್ನು ಬಾಚಿ, ಮೂರು ಎಳೆ ಮಾಡಿ, ಮತ್ತೆ ಹೆರಳು ಹಾಕತೊಡಗಿದಳು. ಅಂಥ ಬಿಗಿಯಾದ, ಒಂದು ಎಳೆ ಹೊರಗೆ ಬೀಳದ ಹೆರಳನ್ನು ನನ್ನ ತಾಯಿಯೂ ನನಗೆ ಹಾಕಿರಲಿಲ್ಲ.

"ಇದ ಇವರ ಮುಂಜಾನಿ ಪೂಜಿ ರೀ ಬಾಯಾರ," ಎಂದಳು ಅಡುಗೆಯವಳು. "ಆಕಿ ಕುಂದರತಾಳ, ಈಕಿ ಹಾಕತಾಳ. ಹೆರಳು ಆಗೂತನಾ ಇಬ್ಬರೂ ಚಾ ಸೈತ ಮುಟ್ಟಂಗಿಲ್ಲ."

ಹೆರಳು ಹಾಕುವವಳು ಕುರುಬರ ಮನೆಯ ಹೆಣ್ಣು, ನಲವತ್ತರ ಹತ್ತಿರ, ಆಟಿಸಂ ಇದ್ದವಳು, ಮಾತಿಲ್ಲ. ಹಾಕಿಸಿಕೊಳ್ಳುವವಳು ಅವಳಿಗಿಂತ ಚಿಕ್ಕವಳು, ಖಾನಾಪುರದ ಮುಸ್ಲಿಂ ಮನೆಯವಳು, ಬುದ್ಧಿ ಐದು ವರ್ಷದ ಕೂಸಿನದು. ಹತ್ತೋ ಹನ್ನೆರಡೋ ಶಬ್ದ ಬರುತ್ತಿದ್ದವು. ಹೆರಳಿಗೆ "ಚೋಟಿ" ಎನ್ನುತ್ತಿದ್ದಳು, ಹೆರಳು ಹಾಕುವವಳನ್ನೂ "ಚೋಟಿ" ಎಂದೇ ಕರೆಯುತ್ತಿದ್ದಳು. ಮನೆಯವರು ಬಿಟ್ಟುಹೋದ ಮೇಲೆ ಇಬ್ಬರೂ ಆ ಪಡಸಾಲೆಯಲ್ಲೇ ಹನ್ನೊಂದು ವರ್ಷ ಕಳೆದಿದ್ದರು.

ಇದನ್ನೆಲ್ಲ ಕೇಳಿದೆ, ತಲೆ ಆಡಿಸಿದೆ, ಬರೆಯಲಿಲ್ಲ. ನಮೂನೆಯಲ್ಲಿ ಹೇನಿಗೆ ಜಾಗವಿತ್ತು, ಇದಕ್ಕಿರಲಿಲ್ಲ.

ನನ್ನ ವರದಿಯ ಮೇಲೆ ಆ ಮನೆ ಮುಚ್ಚಿತು. ಹದಿನೆಂಟು ಜನರನ್ನು ನರಕದಿಂದ ಎತ್ತಿದೆ ಎಂದು ನಾನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ. ಯಾರನ್ನು ಎಲ್ಲಿಗೆ ಕಳಿಸಬೇಕು ಎಂಬ ಪಟ್ಟಿಯನ್ನೂ ನಾನೇ ಮಾಡಿದೆ. ಪ್ರಮಾಣಪತ್ರದಲ್ಲಿ ವೈಕಲ್ಯ ಹೆಚ್ಚೆಂದು ಬರೆದಿದ್ದವರು ಬೆಳಗಾವಿಯ ಖಾಸಬಾಗಕ್ಕೆ. ಕಡಿಮೆ ಇದ್ದವರು ಖಾನಾಪುರಕ್ಕೆ, ಅಲ್ಲಿ ಕಾಗದದ ಚೀಲ ಮಾಡಲು ಕಲಿಸುತ್ತಿದ್ದರು. ಮಾತಿಲ್ಲದವಳು ಮೊದಲನೆಯ ಪಟ್ಟಿಗೆ ಬಿದ್ದಳು, ಚೋಟಿ ಎನ್ನುವವಳು ಎರಡನೆಯದಕ್ಕೆ. ನಿಯಮದ ಪ್ರಕಾರ ಒಂದು ಅಕ್ಷರವೂ ತಪ್ಪಿರಲಿಲ್ಲ.

ಎರಡು ಜೀಪು ಬಂದವು. ಚಿಕ್ಕವಳು ಎಲ್ಲಿಗೋ ತಿರುಗಾಡಲು ಹೊರಟಂತೆ ಕೈ ಬೀಸುತ್ತ ಹತ್ತಿದಳು. ದೊಡ್ಡವಳು ಇನ್ನೊಂದು ಜೀಪಿನ ಹತ್ತಿರ ಹಣಿಗೆ ಹಿಡಿದುಕೊಂಡು ನಿಂತು, ಹಿಂದಿನ ಗಾಜಿನಲ್ಲಿ ಕಾಣುತ್ತಿದ್ದ ಹೆರಳನ್ನು ತಿರುವಿನವರೆಗೂ ನೋಡಿದಳು. ಅತ್ತಿದ್ದರೆ ನನಗೆ ಆಗಲೇ ತಿಳಿಯುತ್ತಿತ್ತೋ ಏನೋ.

ನಾಲ್ಕು ತಿಂಗಳ ಮೇಲೆ ಖಾಸಬಾಗದ ಮನೆಯ ತಪಾಸಣೆ. ಫರಸಿ ನೆಲ ಫಳಫಳ, ಎರಡು ಪಲ್ಯ, ಎಲ್ಲ ಖಾನೆಗೂ ಸರಿ ಗುರುತು. ದೊಡ್ಡವಳೊಬ್ಬಳು ಸೊರಗಿ ಅರ್ಧಕ್ಕೆ ಇಳಿದಿದ್ದಳು.

"ಎಲ್ಲಾರ ಬೆನ್ನ ಹಿಂದ ಹೋಗಿ ಕುಂದರತಾಳ್ರೀ," ಎಂದಳು ಅಲ್ಲಿನ ದಾದಿ. "ಹೆರಳು ಮುಟ್ಟಿ ನೋಡತಾಳ. ಅಲ್ಲ ಅಂತ ಬಿಟ್ಟ ಎದ್ದ ಹೋಗತಾಳ. ಊಟಕ್ಕ ಬಾ ಅಂದರ ಬರಂಗಿಲ್ಲ."

ನಾನು ಮನೆಗೆ ಬಂದು ಫೈಲಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಅವಳ ಅಣ್ಣ ಸಿಕ್ಕ. ಕುರಿ ಮಾರಿ ಈಗ ಒಂದು ಕಾರ್ಖಾನೆಯಲ್ಲಿ ವಾಚ್‌ಮನ್ ಆಗಿದ್ದ.

"ಆಕಿ ಮಂದಿ ಮುಖಾ ನೋಡಾಕಿ ಅಲ್ರೀ," ಎಂದ. "ನಾವು ಕುರಿ ಹೆಂಗ ಹಿಂದಿನಿಂದ ಗುರ್ತ ಹಿಡಿತೀವಿ, ಹಂಗ ಮಂದೀನ ಹಿಡಿತಿದ್ಲು. ನಮ್ಮವ್ವನ್ನ ಸೀರಿ ಮ್ಯಾಲಿಂದ ಹಿಡಿತಿದ್ಲರೀ. ಅವ್ವ ಹೊಸಾ ಸೀರಿ ಉಟ್ಟರ ಎರಡ ದಿನಾ ಹಂತ್ಯಾಕ ಬರತಿರಲಿಲ್ಲ." ಆಮೇಲೆ ಕೇಳಿದ, "ಆರಾಮ ಅದಾಳೇನ್ರೀ?" ಅದಾಳ ಎಂದೆ. ಸುಳ್ಳು ಹೇಳಿ ರೂಢಿಯಿಲ್ಲದ ನಾಲಿಗೆ ಅದು.

ಆಮೇಲೆ ನಾನು ಕಚೇರಿಯ ಮೆಟ್ಟಿಲು ಸವೆಸಿದೆ. ಇಬ್ಬರನ್ನೂ ಒಂದೇ ಕಡೆ ಇಡಿ, ಎಲ್ಲಾದರೂ ಇಡಿ. ಅಧಿಕಾರಿಗಳು ಕೆಟ್ಟವರಲ್ಲ, ನನಗೆ ಚಹಾ ತರಿಸಿ, ಫೈಲನ್ನು ಎರಡು ಸಲ ಓದಿದರು.

"ನೀವು ಹೇಳೂದು ಖರೇನ ಇರಬೇಕು ಬಾಯಾರ. ಆದರ ಇಬ್ಬರೂ ಕೇಳಿಲ್ಲ, ಮನಿಯವರೂ ಕೇಳಿಲ್ಲ. ಯಾವ ಆಧಾರದ ಮ್ಯಾಲ ಆರ್ಡರ್ ಮಾಡ್ಲಿ? ಒಮ್ಮೆ ಭೇಟಿ ಮಾಡ್ಸೂಣು. ಇಬ್ಬರೂ ಗುರ್ತ ಹಿಡದರ ಬರದ ಬಿಡತೀನಿ."

ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲವೆಂದು ಹಿಗ್ಗಿದೆ. ಖಾಸಬಾಗದ ಪೇಟೆಯಲ್ಲಿ ಎರಡು ಮೊಳ ಕೆಂಪು ರಿಬ್ಬನ್ ಕೊಂಡೆ. ಖಾನಾಪುರಕ್ಕೆ ಹೋಗುವಷ್ಟು ಹೊತ್ತೂ ದೊಡ್ಡವಳು ಜೀಪಿನಲ್ಲಿ ಹಣಿಗೆಯ ಹಲ್ಲುಗಳನ್ನು ಬೆರಳಿನಿಂದ ಮೀಟುತ್ತ ಕೂತಿದ್ದಳು. ಇಷ್ಟೇ ದಾರಿ. ಬಸ್ಸಿನಲ್ಲಿ ಒಂದು ತಾಸು. ಆ ಒಂದು ತಾಸನ್ನು ನಾನು ಅವರಿಬ್ಬರ ನಡುವೆ ಇಟ್ಟಿದ್ದೆ.

ಅಂಗಳದಲ್ಲಿ ಹೆಂಗಸರನ್ನು ಸಾಲಾಗಿ ನಿಲ್ಲಿಸಿದ್ದರು. ಎಲ್ಲರಿಗೂ ಒಂದೇ ಬಣ್ಣದ ನೈಟಿ. ಎಲ್ಲರ ತಲೆಯೂ ಬೋಳು.

"ನಿನ್ನೆ ಎಲ್ಲಾರದೂ ತಗಿಸೇನ್ರಿ," ಎಂದ ವಾರ್ಡನ್, ಸಂತೋಷದಿಂದ. ಕಚೇರಿಯ ಸೀಲು ಇರುವ ಯಾವ ಕಾಗದ ಬಂದರೂ ಅದು ತಪಾಸಣೆಯೇ ಎಂದು ಈ ಮನೆಗಳಲ್ಲಿ ತಿಳಿಯುತ್ತಾರೆ. "ಲೋಂಡಾದ್ದು ಹೇನಿನ ಸಲುವಾಗಿ ಬಂದ್ ಆತು ಅಂತ ಎಲ್ಲಾ ಕಡೆ ಸುದ್ದಿ ಐತಿ. ನಮ್ಮಲ್ಲಿ ಈಗ ಒಂದ ಹೇನು ಸಿಕ್ಕರ ಕೇಳ್ರಿ ಬಾಯಾರ."

ನೆಗಡಿ ಬಂತೆಂದು ಮೂಗು ಕೊಯ್ದಂತಾಯಿತಲ್ಲ ಎಂದು ಬೈಯಲು ಬಾಯಿ ತೆರೆದೆ. ಬೈಯಬೇಕಾದದ್ದು ಯಾರಿಗೆ? ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದವಳು ನಾನು, ಉಣ್ಣಬೇಕಾದವರು ಅವರು.

ಚಿಕ್ಕವಳು ಸಾಲು ಬಿಟ್ಟು ಓಡಿಬಂದಳು. "ಚೋಟಿ, ಚೋಟಿ," ಎನ್ನುತ್ತ ದೊಡ್ಡವಳ ಎರಡೂ ಕೈ ಹಿಡಿದಳು. ಗುರುತಿಲ್ಲದವರು ಮುಟ್ಟಿದರೆ ಹಿಡಿಸದ ದೊಡ್ಡವಳು ಕೈ ಕಿತ್ತುಕೊಂಡು ಹಿಂದೆ ಸರಿದಳು. ಚಿಕ್ಕವಳಿಗೆ ಅದೇನೂ ಅವಮಾನವಾಗಲಿಲ್ಲ. ನಕ್ಕು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಬೆನ್ನು ತಿರುಗಿಸಿ, ಕತ್ತು ನೆಟ್ಟಗೆ ಮಾಡಿ ಕೂತಳು. ದಿನದಂತೆ.

ದೊಡ್ಡವಳು ಆ ಬೋಳು ತಲೆಯ ಪಕ್ಕದಿಂದ ದಾಟಿ ಹೋದಳು. ಸಾಲಿನಲ್ಲಿದ್ದವರ ಹಿಂದೆ ಒಬ್ಬೊಬ್ಬರ ಬೆನ್ನನ್ನೂ ನೋಡುತ್ತ ನಡೆದಳು. ಹೆರಳು ಎಲ್ಲಿಯೂ ಇರಲಿಲ್ಲ. ಕೊನೆಗೆ ಗೇಟಿನ ಹತ್ತಿರ ಹೋಗಿ ರಸ್ತೆಯ ಕಡೆ ಮುಖ ಮಾಡಿ ನಿಂತಳು. ಚಿಕ್ಕವಳು ಊಟದ ಗಂಟೆ ಹೊಡೆದರೂ ಏಳಲಿಲ್ಲ.

"ಗುರುತು ಹಿಡಿಯಲಿಲ್ಲ," ಎಂದು ಅಧಿಕಾರಿಗಳು ಬರೆದರು.

"ಒಬ್ಬಾಕಿ ಹಿಡದಾಳಲ್ರೀ," ಎಂದೆ.

"ಇಬ್ಬರೂ ಹಿಡೀಬೇಕಲ್ರೀ ಬಾಯಾರ." ನನ್ನ ಕಣ್ಣು ನೋಡಿ ಪೆನ್ನಿಗೆ ಮುಚ್ಚಳ ಹಾಕಿದರು. "ಕೂದಲಾ ಬೆಳೀಲಿ. ಇನ್ನೊಮ್ಮೆ ನೋಡೂಣು."

ಚಿಕ್ಕವಳ ಕೂದಲು ಮುಟ್ಟಬೇಡಿ ಎಂದು ವಾರ್ಡನ್ನನಿಗೆ ಕೈ ಮುಗಿದು ಹೇಳಿದೆ. ಅವನು ಹಾಗೆಯೇ ನಡೆದುಕೊಂಡ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ ಬೆರಳಿನಿಂದ ಅಳೆಯುತ್ತಿದ್ದೆ. ಒಂದು ಬೆರಳು, ಎರಡು, ನಾಲ್ಕು, ಗೇಣು. ನಾನು ಹೆರಳು ಹಾಕಲು ಹೋದರೆ ಒಲ್ಲೆನೆಂದು ತಲೆ ಕೊಡವುತ್ತಿದ್ದಳು. ಅದು ನನ್ನ ಕೆಲಸವಲ್ಲ ಎಂದು ಅವಳಿಗೆ ಗೊತ್ತಿತ್ತು. ಖಾಸಬಾಗದಲ್ಲಿ ದೊಡ್ಡವಳು ಗಂಜಿಯ ಮೇಲೆ ಜೀವ ಹಿಡಿದಿದ್ದಳು. ಎರಡು ವರ್ಷಕ್ಕೆ ಹೆರಳು ಹಾಕುವಷ್ಟು ಕೂದಲಾಯಿತು. ನಾನು ಅರ್ಜಿ ಬರೆದೆ, ಭೇಟಿಯ ದಿನ ಗೊತ್ತಾಯಿತು.

ಆ ಮುಂಜಾನೆ ನಾನು ಮೊದಲ ಬಸ್ಸಿಗೇ ಖಾನಾಪುರಕ್ಕೆ ಹೋದೆ. ದೊಡ್ಡವಳನ್ನು ಜೀಪಿನಲ್ಲಿ ಆಮೇಲೆ ಕರೆತರುವವರಿದ್ದರು. ಬಾಗಿಲಲ್ಲಿ ಹಳೆಯ ವಾರ್ಡನ್ ಇರಲಿಲ್ಲ. ಗೋವಾದಲ್ಲಿ ಕೆಲಸ ಸಿಕ್ಕು ಹದಿನೈದು ದಿನದ ಹಿಂದೆ ಬಿಟ್ಟುಹೋಗಿದ್ದ. ಅವನ ಜಾಗದಲ್ಲಿ ಒಬ್ಬ ಹುಡುಗಿ ಬಂದಿದ್ದಳು, ಇಸ್ತ್ರಿ ಮಾಡಿದ ಸೀರೆ, ವಿನಯ.

"ಬರ್ರಿ ಬಾಯಾರ, ಕುಂದರ್ರಿ," ಎಂದಳು. "ಸಾಹೇಬ್ರ ಪತ್ರ ಬಂತಲ್ರೀ, ನಿನ್ನೆನ ಎಲ್ಲಾ ತಯಾರ ಮಾಡೇವಿ. ಒಬ್ಬಾಕೀದು ಅಷ್ಟ ಉದ್ದ ಬಿಟ್ಟಿದ್ರು ನೋಡ್ರಿ, ಭಾಳ ಅತ್ತಳು. ಆದರೂ ತಗಿಸಿದ್ವಿ."

ಆ ಹುಡುಗಿಗೆ ಹೇಗೆ ಗೊತ್ತಿರಬೇಕು? ಹಳೆಯ ವಾರ್ಡನ್ನನಿಗೆ ನಾನು ಬಾಯಲ್ಲಿ ಹೇಳಿದ್ದೆ. ಅವನಿಗೆ ನೆನಪಿತ್ತು, ಅವನ ಜೊತೆಗೇ ಹೋಯಿತು. ಎಂಟು ಪುಟದಲ್ಲಿ ಒಂದು ಖಾನೆ ಖಾಲಿ ಬಿಡದವಳು, ಹೇನು ಎಂದು ಬರೆದು ಎರಡು ಗೆರೆ ಎಳೆದವಳು, ಈಕೆಯ ಕೂದಲು ತೆಗೆಯಬಾರದು ಎಂಬ ಒಂದು ಸಾಲನ್ನು ಎಲ್ಲಿಯೂ ಬರೆದಿರಲಿಲ್ಲ.

ಆ ದಿನವೂ ಗುರುತು ಹಿಡಿಯಲಿಲ್ಲ ಎಂದೇ ದಾಖಲಾಯಿತು. ಮೂರನೆಯ ಭೇಟಿಗೆ ಕಚೇರಿ ಒಪ್ಪಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ದೊಡ್ಡವಳು ಖಾಸಬಾಗದಲ್ಲಿ ತೀರಿಕೊಂಡಳು; ಜ್ವರ ಎಂದು ಬರೆದಿದ್ದಾರೆ. ಹಣಿಗೆಯನ್ನು ಅಣ್ಣ ಒಯ್ದ.

ನಾನು ತಂಡ ಬಿಟ್ಟೆ. ಆದರೂ ತಿಂಗಳಿಗೊಮ್ಮೆ ಖಾನಾಪುರಕ್ಕೆ ಹೋಗುತ್ತೇನೆ. ಚಿಕ್ಕವಳ ಕೂದಲು ತೆಗೆಯಬಾರದು ಎಂದು ಅವಳ ಫೈಲಿನ ಮೊದಲ ಪುಟದಲ್ಲಿ ಈಗ ನನ್ನ ದುಂಡು ಅಕ್ಷರದಲ್ಲಿ ಬರೆದಿದೆ. ಕೂದಲು ಹೆಗಲು ದಾಟಿದೆ. ಸತ್ತದ್ದು ಎಂದರೇನೆಂದು ಅವಳಿಗೆ ಹೇಳುವುದು ನನ್ನಿಂದ ಆಗಿಲ್ಲ. ಗೇಟಿನ ಮುಂದೆ ಯಾವ ಜೀಪು ನಿಂತರೂ ಅವಳು ಕೆಲಸ ಬಿಟ್ಟು ಅಂಗಳಕ್ಕೆ ಬರುತ್ತಾಳೆ, ಗೇಟಿಗೆ ಬೆನ್ನು ಮಾಡಿ ನೆಲದ ಮೇಲೆ ಕೂರುತ್ತಾಳೆ, ಕತ್ತು ನೆಟ್ಟಗೆ ಮಾಡಿ ಕಾಯುತ್ತಾಳೆ.