ಮುಚ್ಚಿಹೋದ ತೂತು

ರೋಗಿಗಳ ಸ್ಕ್ಯಾನಿನಿಂದ ಹೃದಯ, ತಲೆಬುರುಡೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಮುದ್ರಿಸಿ ಮೆಡಿಕಲ್ ಕಾಲೇಜುಗಳಿಗೆ ಕೊಡುವುದು ಖರಾಡಿಯಲ್ಲಿರುವ ನಮ್ಮ ಆಫೀಸಿನ ಕೆಲಸ. ಒಂದು ಮಧ್ಯಾಹ್ನ ಯಾದಗಿರಿ ಕಡೆಯ, ಗಾರೆ ಕೆಲಸದ ಗೌಂಡಿಯೊಬ್ಬರು ಡಾಕ್ಟರ ಚೀಟಿ ಹಿಡಿದು ಬಂದರು. ಹೃದಯದಲ್ಲಿ ತೂತಿದ್ದ ಅವರ ಆರು ವರ್ಷದ ಮಗಳು ಆಪರೇಷನ್ನಿಗೆ ಮುಂಚೆಯೇ ತೀರಿಕೊಂಡಿದ್ದಳು. ಕಲಿಯುವವರಿಗೆ ಉಪಯೋಗವಾಗಲಿ ಎಂದು ಅವಳ ಸ್ಕ್ಯಾನ್ ಕೊಡಲು ಇವರೇ ಹೆಬ್ಬೆಟ್ಟು ಒತ್ತಿದ್ದರು. ಕಾಲೇಜಿಗೆ ಹೋಗುವ ಮೊದಲು ಒಮ್ಮೆ ನೋಡಬೇಕಂತೆ.

ಎರಡು ಹೋಳಾಗಿ ತೆರೆಯುವ ಆ ಪುಟ್ಟ ಹೃದಯವನ್ನು ಅವರ ಕೈಗಿಟ್ಟೆ. ಗಿಲಾವು ಮಾಡಿದ ಗೋಡೆ ಸವರಿ ನೋಡುವ ಹಾಗೆ ಒಳಗೆಲ್ಲ ಹೆಬ್ಬೆರಳಾಡಿಸಿದರು.

"ತೂತು ಎಲ್ಲಿ ಅದರೀ ಸರ?"

ನೋಡಿದರೆ ಇಲ್ಲ. ಮುದ್ರಿಸುವ ಮುನ್ನ ನಮ್ಮ ಸಾಫ್ಟ್‌ವೇರ್ ಸಣ್ಣ ತೂತುಗಳನ್ನು ಸ್ಕ್ಯಾನಿನ ದೋಷವೆಂದು ತಾನೇ ಮುಚ್ಚಿಬಿಡುತ್ತದೆ. ಆ ಸೆಟ್ಟಿಂಗ್ ಬಂದ್ ಮಾಡಲು ನಾನು ಮರೆತಿದ್ದೆ.

"ತಪ್ಪಾಗ್ಯದ್ರಿ. ಕಂಪ್ಯೂಟರ್ ಮುಚ್ಚಿಬಿಟ್ಟದ."

"ಮುಚ್ಚಲಾಕ ಎಷ್ಟೊತ್ತು ಹಿಡೀತ್ರಿ ಅದಕ್ಕ?"

ಸುಳ್ಳು ಹೇಳಬಹುದಿತ್ತು. "ಒಂದು ಸೆಕೆಂಡ್ರಿ," ಎಂದೆ.

"ನಾವು ಎರಡು ವರ್ಷ ದವಾಖಾನಿ ತಿರುಗಿದೆವ್ರಿ." ಎರಡೂ ಹೋಳುಗಳನ್ನು ಜೋಡಿಸಿದರು. "ಕಾಲೇಜಿಗೆ ತೂತಿಂದು ಮಾಡಿಕೊಡ್ರಿ. ಇದು ನನಗಿರಲಿ. ಆಕಿ ಅವ್ವಗ ತೋರಸ್ತೀನಿ."

ತಪ್ಪಾದ ಮಾದರಿಗಳನ್ನು ಒಡೆದುಹಾಕಬೇಕೆಂಬುದು ನಮ್ಮಲ್ಲಿಯ ನಿಯಮ. ಅವರು ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟಾಗ ನಾನು ಬಾಗಿಲು ತೆಗೆದು ನಿಂತೆ.

ಮರುದಿನ ಹೊಸ ಹೃದಯ ಮುದ್ರಿಸಿದೆ. ಮ್ಯಾನೇಜರು ಅದರ ತೂತಿನೊಳಗೆ ಪೆನ್ನಿನ ತುದಿ ತೂರಿಸಿ ನೋಡಿ, ಈಗ ಎಲ್ಲ ಸರಿಯಾಗಿದೆ ಎಂದು ನನ್ನ ಬೆನ್ನು ತಟ್ಟಿದರು.