ಒಂದು ಫೋನು, ಕಲಿತೋರು ಇಬ್ರು

ಆನ್‌ಲೈನ್ ಕೋರ್ಸಿನ ಸ್ಟ್ಯಾಂಡರ್ಡ್‌ಗಳ ಬಗ್ಗೆ ನಂಗೆ ಯಾರೂ ಹೇಳ್ಕೊಡ್ಲಿಲ್ಲ. ಮಿಡಿಗೇಶಿಲಿ ಕೂತ್ಕೊಂಡು ನಾನೇ ಓದಿ ಕಲ್ತೆ. ಪಾಠ ಹೆಂಗೆ ಕಟ್ಬೇಕು, ಯಾರು ಎಷ್ಟು ಓದಿದ್ರು ಅಂತ ಸಿಸ್ಟಮ್ ಹೆಂಗೆ ಬರ್ಕೋಬೇಕು ಅನ್ನೋ ನಿಯಮಗಳು ಅವು, ಅಷ್ಟೇ. ಆದ್ರೆ ನಂಗೆ ಅದೊಂದು ಹುಚ್ಚು.

ಹೋದ್ವರ್ಷ ಮಧುಗಿರಿಲಿ ಒಂದು ತರಬೇತಿ ಸೆಂಟರ್ನೋರು ಕರೆದ್ರು. ಸೋಲಾರ್ ಕೆಲಸಕ್ಕೆ ಹೆಣ್ಮಕ್ಕಳಿಗೆ ಮೊಬೈಲಲ್ಲೇ ಕೋರ್ಸು. ಪಾಸಾದ್ರೆ ಸರ್ಟಿಫಿಕೇಟು, ಅದಿದ್ರೆ ಕೆಲಸ. ಸ್ಕಾರ್ಮ್ ಒಳ್ಳೇದಾ ಎಕ್ಸ್‌ಎಪಿಐ ಒಳ್ಳೇದಾ, ಈ ಎರಡು ಸ್ಟ್ಯಾಂಡರ್ಡೂ ಹೋಲಿಸಿ ಕೊಡು ಅಂದ್ರು. ಮೂರು ಹಾಳೆ ಟೇಬಲ್ ಮಾಡ್ಕೊಂಡು ಹೋದೆ.

ಅಲ್ಲಿನ ಸರ್ರು ನೋಡಿ, "ಇದೇನಯ್ಯಾ, ಮದುವೆ ಸಾಮಾನಿನ ಪಟ್ಟಿನಾ? ಒಂದು ಹಾಳೆಗೆ ಇಳಿಸು" ಅಂದ್ರು.

ಅಲ್ಲೇ ಕೂತು ಕತ್ತರಿಸ್ದೆ. ಗುಂಪಾಗಿ ಕೂತು ಓದಿದ್ರೂ ಎಲ್ಲರ ಹೆಸರು ಬರ್ಕೋಬೋದು, ಅದು ಎಕ್ಸ್‌ಎಪಿಐಲಿ ಮಾತ್ರ ಆಗ್ತದೆ, ಸ್ಕಾರ್ಮಲ್ಲಿ ಲಾಗಿನ್ ಆದೋರೊಬ್ರ ಹೆಸರೇ ಬರೋದು ಅಂತ ಒಂದು ಸಾಲಿತ್ತು. ಯಾರಿಗೆ ಬೇಕು ಅಂತ ತೆಗೆದ್ಬುಟ್ಟೆ. ಸರ್ರು ಸ್ಕಾರ್ಮೇ ಸಾಕು ಅಂದ್ರು. ನನ್ನ ಹಾಳೆ ನೋಡಿ ಒಬ್ರು ತೀರ್ಮಾನ ಮಾಡಿದ್ರಲ್ಲಾ ಅಂತ ನಂಗೆ ಖುಷಿನೋ ಖುಷಿ.

ನಮ್ಮಕ್ಕನ್ನ ಕೊಟ್ಟಿರೋದು ರಾಯಚರ್ಲುಗೆ. ಅವಳೂ ಪಕ್ಕದ್ಮನೆ ಹುಡುಗಿನೂ ಅದೇ ಕೋರ್ಸಿಗೆ ಸೇರಿದ್ರು. ಅಕ್ಕನ ಮನೇಲಿರೋದು ಒಂದೇ ಫೋನು, ಅದು ಭಾವನ ಜೇಬಲ್ಲೇ ಇರ್ತದೆ. ಅದ್ಕೆ ಇಬ್ರೂ ಆ ಹುಡುಗಿ ಫೋನಲ್ಲಿ, ಅವಳ ಲಾಗಿನ್ನಲ್ಲೇ ಓದಿದ್ರು. ಅಕ್ಕ ಉತ್ತರ ಹೇಳೋಳು, ಹುಡುಗಿ ಒತ್ತೋಳು. ಕೊನೆ ಪರೀಕ್ಷೆನೂ ಹಂಗೇ ಮುಗಿಸಿದ್ರು. ಆ ಊರಲ್ಲಿ ಯಾರಿಗೂ ಅದು ತಪ್ಪು ಅನ್ನಿಸ್ಲೇ ಇಲ್ಲ.

ಸರ್ಟಿಫಿಕೇಟ್ ಬಂದಿದ್ದು ಹುಡುಗಿಗೆ ಮಾತ್ರ. ಅಕ್ಕ ಫೋನ್ ಮಾಡಿದ್ಲು.

"ಲೇ, ನಂದೆಲ್ಲೋ?"

ಸೆಂಟರ್ನೋರು ನಂಗೆ ಕೊಟ್ಟಿದ್ದ ಲಾಗಿನ್ನಲ್ಲಿ ನೋಡ್ದೆ. "ನಿನ್ನ ಲಾಗಿನ್ ತೆಗ್ದೇ ಇಲ್ವಲ್ಲಕ್ಕಾ. ಸೊನ್ನೆ ತೋರಿಸ್ತದೆ."

"ಸೊನ್ನೆನಾ? ಇನ್ವರ್ಟರ್ ಪಾಠ ಅವಳಿಗೆ ತಲೆಗೆ ಹತ್ಸಿದ್ದೇ ನಾನು ಕಣ್ಲಾ!"

ಸರ್ರ ಹತ್ರ ಓಡಿದೆ. "ಬ್ಯಾಚ್ ಮುಗೀತು. ಸಿಸ್ಟಮ್ಮಲ್ಲಿ ಇಲ್ಲ ಅಂದ್ರೆ ಇಲ್ಲ" ಅಂದ್ರು. ಆಮೇಲೆ ನಕ್ಕು, "ಹೋಲಿಸಿ ಕೊಟ್ಟೋನು ನೀನೇ ಅಲ್ವೇನಯ್ಯಾ?"

ನಾನು ಕತ್ತರಿಸಿದ ಆ ಸಾಲು ಇದ್ದಿದ್ರೂ ಅವ್ರು ಸ್ಕಾರ್ಮೇ ತಗೋತಿದ್ರೇನೋ. ಆದ್ರೆ ಆಗ ತಪ್ಪು ಅವ್ರದಾಗ್ತಿತ್ತು. ಆ ಸಾಲು ತೆಗೆದೋನು ನಾನೇ ಅಂತ ಅಕ್ಕನಿಗೆ ಹೇಳ್ಬುಟ್ಟೆ.

ಮೊನ್ನೆ ರಾಯಚರ್ಲುಗೆ ಹೋಗಿದ್ದೆ. ಸಾಯಂಕಾಲ ಆ ಹುಡುಗಿ ಕೆಲಸದ ವ್ಯಾನ್ ಇಳಿದು ಸೀದಾ ಅಕ್ಕನ ಹತ್ರ ಬಂದ್ಲು.

"ಅಕ್ಕಾ, ಇವತ್ತು ಒಂದ್ ಇನ್ವರ್ಟರಲ್ಲಿ ಕೆಂಪು ದೀಪ ಹತ್ಕೊಂಡು ಆರ್ಲೇ ಇಲ್ಲ. ಏನ್ ಮಾಡ್ಬೇಕಿತ್ತು? ಈ ಅಣ್ಣನ್ನ ಕೇಳ್ಲಾ?"

ಅಕ್ಕ ಪಾತ್ರೆ ಉಜ್ಜೋದು ಬುಟ್ಟು ಎದ್ಲು. "ಅವನಿಗೇನ್ ಗೊತ್ತಮ್ಮ, ಹಾಳೆ ಬರಿಯೋನು. ಇಲ್ಲಿ ಬಾ, ನಾನು ಹೇಳ್ತೀನಿ."