ಮೂವತ್ತು ಹುಳುಗಳ ಡಬ್ಬಿ

ಬೆಳಿಗ್ಗೆ ಬೀರುವಿನಿಂದ ಉಣ್ಣೆಯ ಶಾಲು ತೆಗೆದೆ, ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಗೆ ನಿಮಗೆ ಅಜ್ಜಿಯ ರೇಷ್ಮೆ ಸೀರೆ ನೆನಪಾಗಬಹುದು. ನನಗೆ ನೆನಪಾಗುವವನು ಉರಿಯುವ ಹಡಗಿನಿಂದ ಪಾರಾದ ಒಬ್ಬ ಇಂಗ್ಲಿಷ್ ಸಾಹೇಬ. ಆಶ್ಚರ್ಯಪಡಬೇಡಿ, ಹೇಳುತ್ತೇನೆ.

ನಾನು ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯವಳು. ಕುರಿ ಕಾಯುವ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು. ಇದನ್ನು ಹೇಳದೆ ನನಗೆ ಮಾತು ಶುರು ಮಾಡಲು ಬರುವುದಿಲ್ಲವೆಂದು ಸಹೋದ್ಯೋಗಿಗಳು ನಗುತ್ತಾರೆ. ನಗಲಿ.

ಚಿತ್ರದುರ್ಗದಲ್ಲಿ ಬಿಎಸ್ಸಿ ಕೊನೆಯ ವರ್ಷ. ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್‌ಗೆ ಮೂವತ್ತು ಹುಳುಗಳನ್ನು ಹಿಡಿದು, ಒಣಗಿಸಿ, ಗುಂಡುಸೂಜಿಗೆ ಚುಚ್ಚಿ, ಡಬ್ಬಿಯಲ್ಲಿ ಜೋಡಿಸಿ ಒಪ್ಪಿಸಬೇಕು. ಡಬ್ಬಿ ಇಲ್ಲದಿದ್ದರೆ ಪರೀಕ್ಷೆ ಇಲ್ಲ. ಹಾಸ್ಟೆಲಿನ ಸುತ್ತ ತಿಂಗಳುಗಟ್ಟಲೆ ಅಲೆದು ಮೂವತ್ತು ಮಾಡಿದ್ದೆ. ಅದೇ ದಿನಗಳಲ್ಲಿ ಲೈಬ್ರರಿಯಲ್ಲಿ ಆ ಸಾಹೇಬನ ಬದುಕನ್ನು ಓದಿದೆ. ವಿಕ್ಟೋರಿಯಾ ರಾಣಿಯ ಕಾಲದ ನಿಸರ್ಗಶಾಸ್ತ್ರಜ್ಞ. ಮನೆಯಲ್ಲಿ ಅನುಕೂಲವಿಲ್ಲದೆ ಹದಿನಾಲ್ಕಕ್ಕೇ ಶಾಲೆ ಬಿಟ್ಟವನು. ಅಮೆಜಾನ್ ಕಾಡಿನಲ್ಲಿ ನಾಲ್ಕು ವರ್ಷ ಹುಳು, ಹಕ್ಕಿ ಕೂಡಿಸಿ, ಅವನ್ನು ಮಾರಿಯೇ ಹೊಟ್ಟೆ ಹೊರೆದ. ಮರಳುವಾಗ ನಡುಗಡಲಲ್ಲಿ ಹಡಗಿಗೆ ಬೆಂಕಿ ಬಿತ್ತು. ಕೂಡಿಸಿದ್ದೆಲ್ಲ ಹೋಯಿತು. ಸಿರಿವಂತ ವಿಜ್ಞಾನಿಗಳ ನಡುವೆ ಇವನೊಬ್ಬ ನಮ್ಮ ಪೈಕಿ ಅನ್ನಿಸಿತ್ತು.

ರಜೆಗೆ ಡಬ್ಬಿಯನ್ನು ಊರಿಗೆ ತಂದೆ. ಪರೀಕ್ಷೆಗೆ ಎಂಟು ದಿನ ಇರುವಾಗ ಮುಚ್ಚಳ ತೆಗೆದರೆ ಒಳಗೆ ಇರುವೆಗಳ ಸಾಲು. ಸೂಜಿಗಳಲ್ಲಿ ಬರೀ ಕಾಲು, ರೆಕ್ಕೆಯ ಚೂರು. ಇರುವೆ ಬಾರದಿರಲೆಂದು ಮೂಲೆಗೆ ಹಾಕಿದ್ದ ನುಸಿಗುಳಿಗೆಗಳು ಮಾಯ.

"ಅವಾ? ಕಂಬಳಿ ಗಂಟಿಗೆ ಹಾಕೀನಿ" ಎಂದಳು ಅವ್ವ. "ಕಂಬಳಿಗೆ ನುಸಿ ಬಿದ್ದಿತ್ತು. ಸತ್ತಿರೋ ಹುಳಕ್ಕೆ ಯಾಕೆ ಗುಳಿಗಿ? ಅವುಕ್ಕೇನು ಕಾಯ್ಲೆ ಐತಾ?"

ಉಣ್ಣೆಯಿಂದ ಬದುಕುವ ಮನೆಯಲ್ಲಿ ಕಂಬಳಿಯೇ ಮೊದಲು. ಕುಳಿತು ಅತ್ತೆ. ಮದುವೆಯ ಮಾತು ಬೇರೆ ನಡೆದಿತ್ತು, ಒಂದು ವರ್ಷ ಹೋದರೆ ಓದೇ ಹೋದಂತೆ. ನನ್ನ ದುಃಖ ಎಷ್ಟು ದೊಡ್ಡದೆಂದು ತೋರಿಸಲು ಅಪ್ಪನಿಗೆ ಸಾಹೇಬನ ಹಡಗಿನ ಕಥೆ ಹೇಳಿದೆ.

"ಆಮ್ಯಾಲೆ ಏನ್ಮಾಡ್ದ?" ಎಂದ ಅಪ್ಪ.

"ಇನ್ನೊಂದು ಹಡಗು ಹತ್ತಿ ಪೂರ್ವದ ದ್ವೀಪಗಳಿಗೆ ಹೋದ. ಎಂಟು ವರ್ಷ ತಿರುಗಿದ."

"ಎಂಟು ವರ್ಷ! ಮದ್ವಿ ಆಗಿತ್ತಾ?"

"ಆಗಿನ್ನೂ ಇಲ್ಲ."

"ಅದ್ಕೇ ಮತ್ತೆ" ಎಂದು ಅವ್ವನ ಕಡೆ ನೋಡಿ ನಕ್ಕ. "ಏಳವ್ವ. ಅವ್ನಿಗೆ ಎಂಟು ವರ್ಷ ಆದ್ರೆ ನಿನಗೆ ಎಂಟು ದಿನ. ಕುರಿ ಹಿಂದೆ ಹೋಗಾಣ."

ನಮ್ಮ ಮಂದೆ ಆಗ ಮಾರಿಕಣಿವೆ ಕಡೆಯ ಗುಡ್ಡಗಳಲ್ಲಿತ್ತು. ಮೊದಲ ದಿನ ಬಲೆ ಹಿಡಿದು ಹುಚ್ಚಿಯಂತೆ ಓಡಿದೆ, ಸಿಕ್ಕಿದ್ದು ಎರಡೇ ಚಿಟ್ಟೆ. "ಲೇ, ಹುಳದ ಹಿಂದೆ ಓಡಿದ್ರೆ ಸಿಗಲ್ಲ. ಅದು ಉಣ್ಣೋ ತಾವ ಕುಂತ್ಕ" ಎಂದ ಅಪ್ಪ. ಕುಳಿತೆ. ಎಕ್ಕದ ಗಿಡಕ್ಕೆ ಬಣ್ಣದ ಮಿಡತೆ, ಹಸಿ ಸಗಣಿಗೆ ಉಂಡೆ ಉರುಳಿಸುವ ಜೀರುಂಡೆ, ಬಿಸಿಲೇರಿದ ಮೇಲೆ ಜಾಲಿಗೆ ಮಿರಮಿರ ಮಿಂಚುವ ಹಸಿರು ಹುಳ. ಯಾವುದು ಯಾವ ಹೊತ್ತಿಗೆ ಬರುತ್ತದೆಂದು ಅಪ್ಪನಿಗೆ ಗೊತ್ತಿತ್ತು. ಜೋಡಿಯಾಗಿದ್ದವನ್ನು ಮಾತ್ರ ಮುಟ್ಟಗೊಡಲಿಲ್ಲ. "ಸಂಸಾರಸ್ಥರನ್ನ ಬಿಡು. ಒಂಟಿ ಅವೆ ನೋಡು, ಅಲ್ಲಿ!"

ಏಳನೆಯ ದಿನಕ್ಕೆ ಮೂವತ್ತಾಯಿತು. ಹಾಸ್ಟೆಲಿಗೆ ಮರಳಿ ಚೀಟಿ ಬರೆಯಲು ಕುಳಿತೆ. ಪ್ರತಿ ಹುಳುವಿನ ಕೆಳಗೂ ಒಂದು ಚೀಟಿ ಇರಬೇಕು: ಸ್ಥಳ, ದಿನಾಂಕ, ಸಂಗ್ರಹಿಸಿದವರು. ಪೆನ್ನು ಅಲ್ಲಿ ನಿಂತಿತು. ಸಾಹೇಬ ತನ್ನ ಪುಸ್ತಕದಲ್ಲಿ, ಆ ದ್ವೀಪಗಳಲ್ಲಿ ತನಗೆ ಹುಳು, ಹಕ್ಕಿ ಹಿಡಿದುಕೊಟ್ಟ ಸಹಾಯಕನ ಹೆಸರನ್ನು ಬರೆದಿಟ್ಟಿದ್ದನಲ್ಲ? ಮೂವತ್ತು ಚೀಟಿಗಳಲ್ಲೂ ಅಪ್ಪನ ಹೆಸರು ಬರೆದೆ. "ಫೇಲ್ ಮಾಡ್ತಾರೆ ಕಣೇ, ನಿನ್ನ ಹೆಸ್ರು ಹಾಕ್ಕೋ" ಎಂದು ಹಾಸ್ಟೆಲಿನ ಗೆಳತಿ ಬೈದಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಹುಳುಗಳನ್ನು ವಿದ್ಯಾರ್ಥಿಯೇ ಹಿಡಿಯಬೇಕೆಂಬುದು ನಿಯಮ.

ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ಏರಿಸಿ ಚೀಟಿ ಓದಿದರು. "ಯಾರಮ್ಮ ಇವರು, ಲೆಕ್ಚರರಾ?"

"ನಮ್ಮಪ್ಪ ಸರ್. ಕುರಿ ಕಾಯ್ತಾರೆ."

"ಹಾಗಾದ್ರೆ ನೀನೇನು ಮಾಡ್ದೆ?"

"ಅವರು ತೋರಿಸಿದ ಕಡೆ ಕುಂತ್ಕಂಡೆ ಸರ್" ಎಂದೆ. ಪಕ್ಕದಲ್ಲಿದ್ದವರು ನಕ್ಕರು. ಪರೀಕ್ಷಕರು ನಗಲಿಲ್ಲ. ಒಂದೊಂದು ಹುಳುವಿನ ಮೇಲೂ ಬೆರಳಿಟ್ಟು ಯಾವ ಗಿಡ, ಯಾವ ಹೊತ್ತು, ಏನು ತಿನ್ನುತ್ತದೆ ಎಂದು ಕೇಳುತ್ತ ಹೋದರು. ನಾನು ಒಂದಕ್ಕೂ ತಡವರಿಸಲಿಲ್ಲ. ಕೊನೆಗೆ ಡಬ್ಬಿಯನ್ನು ವಿಭಾಗದ ಕಪಾಟಿನಲ್ಲಿ ಇಡಿಸಿದರು. ನಾನು ಪಾಸಾದೆ.

ಈಗ ಹೊಸದುರ್ಗದ ಕಾಲೇಜಿನಲ್ಲಿ ನಾನೇ ಇಂಥ ಡಬ್ಬಿಗಳಿಗೆ ಅಂಕ ಹಾಕುತ್ತೇನೆ. ಯಾರು ತೋರಿಸಿದರೆಂದು ಇಷ್ಟು ವರ್ಷ ಒಬ್ಬ ವಿದ್ಯಾರ್ಥಿಯನ್ನೂ ಕೇಳಿಲ್ಲ, ನಾಚಿಕೆಯಾಗುತ್ತದೆ. ಇವತ್ತು ಚೀಟಿಯ ನಮೂನೆಗೆ ಒಂದು ಸಾಲು ಸೇರಿಸಿದೆ: 'ತೋರಿಸಿಕೊಟ್ಟವರು'. ಅದನ್ನು ಹೇಳಲೆಂದು ಅಪ್ಪನಿಗೆ ಫೋನ್ ಮಾಡಿದಾಗಲೇ ತಿಳಿದದ್ದು, ಪಾಸಾದ ಸಂಭ್ರಮದಲ್ಲಿ ಅವನ ಹೆಸರು ಬರೆದ ವಿಷಯವನ್ನು ನಾನು ಅವನಿಗೆ ಹೇಳಿಯೇ ಇರಲಿಲ್ಲ.

ಈಗ ಹೇಳಿದೆ. ಆ ಕಡೆ ಫೋನ್ ಅವನ ಕಿವಿಯಿಂದ ದೂರ ಹೋದದ್ದು ಗೊತ್ತಾಯಿತು. ಅಪ್ಪ ಅವ್ವನನ್ನು ಕೂಗುತ್ತಿದ್ದ.

"ಲೇ, ಇಲ್ಬಾರೇ! ದುರ್ಗದ ಕಾಲೇಜ್ನಾಗೆ ನನ್ನ ಹೆಸ್ರು ಐತಂತೆ! ಒಂದು ಕಡಿ ಅಲ್ಲ, ಮೂವತ್ತು ಕಡಿ!"